ಮಟ್ಟಿಯಿಂದ ಪಂಜರಕ್ಕೆ: ಪೈಲ್ವಾನರಿಗೆ ಒಂಬತ್ತು ಸೂತ್ರಗಳು

ಕುಸ್ತಿ ಬಂದರೆ ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಅರ್ಧ ಬಂದ ಹಾಗೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಪೈಲ್ವಾನರು ಸೋಲುವುದೆಲ್ಲ ಉಳಿದರ್ಧದಲ್ಲಿ. ಅಗರ, ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲದ ಕಡೆ ಮಣ್ಣಿನಲ್ಲಿ ಸಾಮು ಮಾಡಿ, ಮೈಸೂರು ದಸರಾಕ್ಕೆ ಜೋಡಿ ಕಟ್ಟಿಸಿಕೊಂಡು, ಆಮೇಲೆ ಮ್ಯಾಟ್ ಮೇಲೆ ಫ್ರೀಸ್ಟೈಲ್ ಆಡಿ, ಈಗ ಮೊಬೈಲಿನಲ್ಲಿ ಯುಎಫ್‌ಸಿಯ ಎಂಎಂಎ ಪಂದ್ಯ ನೋಡುತ್ತ ‘ನಾನ್ಯಾಕೆ ಆಡಬಾರದು’ ಅನ್ನುವ ಹುಡುಗ ಹುಡುಗಿಯರಿಗಾಗಿ ಈ ಪಟ್ಟಿ. ಗೆದ್ದವರಿಗಿಂತ ಸೋತವರ ಲೆಕ್ಕವೇ ಇದರಲ್ಲಿ ಹೆಚ್ಚು. ಕಲಿಯಲು ಅದೇ ವಾಸಿ.

1. ಕುಸ್ತಿಯನ್ನು ಕೈಬಿಡಬೇಡಿ

ಹೊಸದಾಗಿ ಗುದ್ದುವುದನ್ನು ಕಲಿತ ಪೈಲ್ವಾನನಿಗೆ ಗುದ್ದುವುದೇ ಚಪಲ. ಎದುರಿಗಿರುವವನು ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದಿರುತ್ತಾನೆ, ನೆನಪಿರಲಿ. ಕಾಳಗ ನಿಂತು ನಡೆಯಬೇಕೋ ನೆಲದ ಮೇಲೋ ಎಂದು ತೀರ್ಮಾನಿಸುವವನು ಕೆಡವಬಲ್ಲವನು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 55 ಕೆ.ಜಿ. ಫ್ರೀಸ್ಟೈಲ್ ಚಿನ್ನ ಗೆದ್ದ ಅಮೆರಿಕದ ಹೆನ್ರಿ ಸೆಹುಡೊ ಮುಂದೆ ಯುಎಫ್‌ಸಿಯ ಎರಡು ತೂಕಗಳಲ್ಲಿ ಚಾಂಪಿಯನ್ ಆದರು. 2004ರ ಅಥೆನ್ಸ್‌ನಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡ ಡೇನಿಯಲ್ ಕಾರ್ಮಿಯರ್ ಕೂಡ ಹಾಗೆಯೇ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೆನಡಾಕ್ಕೆ ಚಿನ್ನ ತಂದ ಅರ್ಜನ್ ಭುಲ್ಲರ್ 2021ರಲ್ಲಿ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನ ಹೆವಿವೇಟ್ ಪಟ್ಟ ಗೆದ್ದರು. ಮೂವರೂ ಕುಸ್ತಿಯನ್ನು ಇಟ್ಟುಕೊಂಡೇ ಉಳಿದದ್ದನ್ನು ಕಲಿತವರು.

2. ತಲೆ ಬಗ್ಗಿಸಿ ಕಾಲಿಗೆ ನುಗ್ಗಬೇಡಿ

ಮ್ಯಾಟ್ ಮೇಲೆ ಎದುರಾಳಿಯ ಎರಡೂ ಕಾಲಿಗೆ ಕೈ ಹಾಕುವಾಗ ತಪ್ಪಿದರೆ ಒಂದೆರಡು ಪಾಯಿಂಟ್ ಹೋದೀತು. ಎಂಎಂಎ ನಡೆಯುವ ಪಂಜರದಲ್ಲಿ ಪ್ರಜ್ಞೆಯೇ ಹೋಗುತ್ತದೆ. ಬೆನ್ ಆಸ್ಕ್ರೆನ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿದ ಪೈಲ್ವಾನ, ಎಂಎಂಎಯಲ್ಲಿ ಅಲ್ಲಿಯವರೆಗೆ ಸೋಲು ಕಂಡವರೇ ಅಲ್ಲ. 2019ರ ಜುಲೈಯಲ್ಲಿ ಗಂಟೆ ಬಾರಿಸಿದ ತಕ್ಷಣ ತಲೆ ತಗ್ಗಿಸಿ ಕಾಲಿಗೆ ಹೋದರು. ಎದುರಾಳಿ ಹೊರ್ಹೆ ಮಾಸ್ವಿಡಾಲ್ ಓಡಿಬಂದು ಹಾರಿ ಮೊಣಕಾಲಿನಿಂದ ತಿವಿದರು. ಐದು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಯುಎಫ್‌ಸಿಯ ಅತಿ ವೇಗದ ನಾಕೌಟ್ ಅದು.

ಇನ್ನೊಂದು ಅಪಾಯ ಕುತ್ತಿಗೆಗೆ. ತಲೆ ಎದುರಾಳಿಯ ಕಂಕುಳಿಗೆ ಸಿಕ್ಕಿತೋ, ಅವನು ಕೈ ಸುತ್ತಿ ಹಿಸುಕುವ ಪಟ್ಟಿಗೆ ಗಿಲೊಟಿನ್ ಎನ್ನುತ್ತಾರೆ. ಮಹಾರಾಷ್ಟ್ರದ ಪೈಲ್ವಾನ ಭರತ್ ಕಂಡಾರೆ 2017ರ ನವೆಂಬರಿನಲ್ಲಿ ಶಾಂಘೈಯಲ್ಲಿ ಯುಎಫ್‌ಸಿ ಪಂಜರಕ್ಕೆ ಇಳಿದಾಗ ಚೀನಾದ ಸಾಂಗ್ ಯಾಡಾಂಗ್ ಇದೇ ಪಟ್ಟಿನಲ್ಲಿ ಮೊದಲ ಸುತ್ತಿಗೇ ಮುಗಿಸಿದರು. ಮೊದಲು ಗುದ್ದಿನ ನಟನೆ ಮಾಡಿ, ಅವನ ಕೈ ಮೇಲೇಳುವಂತೆ ಮಾಡಿ. ಆಮೇಲೆ ಒಳಕ್ಕೆ ಹೋಗಿ. ಕತ್ತು ನೆಟ್ಟಗಿರಲಿ, ತಲೆ ಅವನ ಎದೆಗೆ ಒತ್ತಿರಲಿ.

3. ಬೆನ್ನಿನ ಲೆಕ್ಕ ಇಲ್ಲಿ ಉಲ್ಟಾ

ಈ ಪಟ್ಟಿಯಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಕಿದರೆ ಚಿತ್. ಫ್ರೀಸ್ಟೈಲ್‌ನಲ್ಲೂ ಎರಡು ಭುಜ ಮ್ಯಾಟಿಗೆ ಅಂಟಿದರೆ ಆಟ ಮುಗಿಯಿತು. ಹಾಗಾಗಿ ಬಿದ್ದ ಪೈಲ್ವಾನ ಯೋಚನೆಯನ್ನೇ ಮಾಡದೆ ಬೋರಲು ಹೊರಳುತ್ತಾನೆ. ಚಿಕ್ಕಂದಿನಿಂದ ಉಸ್ತಾದರು ಮೈಗೆ ಹತ್ತಿಸಿದ ಅಭ್ಯಾಸ ಅದು. ಪಂಜರದಲ್ಲಿ ಅದೇ ಮೃತ್ಯು. ಬೋರಲಾದವನ ಬೆನ್ನೇರಿ, ಕಾಲುಗಳನ್ನು ಸೊಂಟಕ್ಕೆ ಸಿಕ್ಕಿಸಿ, ಗದ್ದದ ಕೆಳಗೆ ಮುಂದೋಳು ತೂರಿಸಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಇಲ್ಲಿ ಅಂಗಾತ ಬೀಳುವುದು ಸೋಲಲ್ಲ. ಕೆಳಗಿದ್ದುಕೊಂಡೇ ಕಾಲುಗಳಿಂದ ಎದುರಾಳಿಯನ್ನು ತಡೆಯುವ, ಕೈ ಮುರಿಯುವ ವಿದ್ಯೆಯಿದೆ. ಬ್ರೆಜಿಲಿನ ಜಿಯು ಜಿಟ್ಸುವಿನ ಜೀವಾಳವೇ ಅದು.

ರಿತು ಫೋಗಟ್ ಅವರ ದಾಖಲೆ ನೋಡಿ. 2016ರ ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ, 2017ರ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರು. 2019ರಲ್ಲಿ ಎಂಎಂಎಗೆ ಬಂದು ಮೊದಲ ನಾಲ್ಕೂ ಪಂದ್ಯ ಗೆದ್ದರು. 2021ರ ಡಿಸೆಂಬರಿನಲ್ಲಿ ಒನ್ ಗ್ರ್ಯಾನ್ ಪ್ರಿ ಫೈನಲ್. ಎದುರಿಗೆ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್. ಒದೆತ, ಗುದ್ದುಗಳಿಗೆ ಹೆಸರಾದ ಮುಯ್ ಥಾಯ್ ಆಟಗಾರ್ತಿ. ರಿತು ಕೆಡವಿದರು. ಕೆಳಗಿದ್ದ ಸ್ಟ್ಯಾಂಪ್ ತೋಳು ಹಿಡಿದು ಮಡಚಿ ಗೆದ್ದರು! ಮರುವರ್ಷ ಟಿಫನಿ ಟಿಯೊ ಹಿಂದಿನಿಂದ ಕುತ್ತಿಗೆ ಹಿಸುಕಿದರು. 2025ರಲ್ಲಿ ಅಯಾಕಾ ಮಿಯುರಾ ಭುಜ ತಿರುಚಿದರು. ಈ ಮೂರು ಸೋಲೂ ನೆಲದ ಮೇಲೆ, ಪೈಲ್ವಾನರು ‘ನಮ್ಮದು’ ಎಂದುಕೊಳ್ಳುವ ಜಾಗದಲ್ಲಿ. ಕೆಡವಿದ ಮೇಲೆ ಏನು ಎಂಬುದಕ್ಕೆ ಉತ್ತರವಿಲ್ಲದೆ ಕೆಡವಬೇಡಿ.

4. ಟ್ಯಾಪ್ ಮಾಡುವುದನ್ನು ಕಲಿಯಿರಿ

ಗರಡಿಯ ಹಟ ಅಭ್ಯಾಸದ ವೇಳೆ ಬೇಡ. ಕೈ ಲಾಕ್ ಆದಾಗ ಎರಡು ಸಲ ತಟ್ಟಿ ಸೋಲೊಪ್ಪಿ, ಬಿಡಿಸಿಕೊಳ್ಳಿ. ತಟ್ಟದವನನ್ನು ಅವನ ಮೊಳಕೈಯೇ ಆರು ತಿಂಗಳು ಮನೆಯಲ್ಲಿ ಕೂರಿಸುತ್ತದೆ.

5. ಅಪ್ಪಿ ನಿಂತರೆ ಸುರಕ್ಷಿತ ಅಂದುಕೊಳ್ಳಬೇಡಿ

ಕತ್ತಿಗೆ ಕೈ ಹಾಕಿ ಜಗ್ಗುವುದು ಪೈಲ್ವಾನನಿಗೆ ಮನೆಯಂಗಳ. ಎಂಎಂಎಯಲ್ಲಿ ಆ ಅಂತರದಲ್ಲೇ ಮೊಣಕಾಲು, ಮೊಳಕೈ ಓಡಾಡುತ್ತವೆ. ಒಲಿಂಪಿಕ್ ಚಿನ್ನದ ಸೆಹುಡೊ ಕೂಡ 2016ರಲ್ಲಿ ಡೆಮಿಟ್ರಿಯಸ್ ಜಾನ್ಸನ್ ಎದುರು ಹೀಗೆ ಹೊಟ್ಟೆಗೆ ಮೊಣಕಾಲು ತಿಂದು ಮೊದಲ ಸುತ್ತಿನಲ್ಲೇ ಕುಸಿದವರು. ಎರಡು ವರ್ಷ ದುಡಿದು 2018ರಲ್ಲಿ ಅದೇ ಜಾನ್ಸನ್ನರಿಂದ ಪಟ್ಟ ಕಿತ್ತುಕೊಂಡರು. ಇನ್ನು ನಿಮ್ಮ ನಿಲುವು: ಬಗ್ಗಿ, ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಂತರೆ ಆ ಕಾಲಿನ ಮೀನಖಂಡ ಒದೆಯುವವನಿಗೆ ಸಿಕ್ಕ ಬಹುಮಾನ. ನೆಟ್ಟಗೆ ನಿಲ್ಲುವುದನ್ನು ಮೊದಲ ದಿನದಿಂದ ಕಲಿಯಬೇಕು.

ಗುದ್ದೂ ಕುಸ್ತಿಯೂ ಬೆರೆತ ಕಾಳಗ ನಮ್ಮ ಸೀಮೆಗೆ ಹೊಸದಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿಗೆ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ನೆತ್ತರು ಕಂಡೊಡನೆ ಅದು ನಿಲ್ಲುತ್ತದೆ. ಪಂಜರದ ರೆಫರಿ ಅಷ್ಟು ಬೇಗ ನಿಲ್ಲಿಸುವುದಿಲ್ಲ.

6. ಉಸಿರಿನ ಲೆಕ್ಕ ಬೇರೆ

ಫ್ರೀಸ್ಟೈಲ್ ಎಂದರೆ ಮೂರು ಮೂರು ನಿಮಿಷದ ಎರಡು ಅವಧಿ. ಎಂಎಂಎಯಲ್ಲಿ ಐದು ನಿಮಿಷದ ಮೂರು ಸುತ್ತು, ಪಟ್ಟದ ಪಂದ್ಯವಾದರೆ ಐದು ಸುತ್ತು. ಸಾವಿರ ಬಸ್ಕಿ ಹೊಡೆದವನೂ ಎರಡನೇ ಸುತ್ತಿಗೆ ತೋಳು ಸೋತು ನಿಂತುಬಿಡುತ್ತಾನೆ, ಏಕೆಂದರೆ ಪೈಲ್ವಾನ ಹಿಡಿದದ್ದನ್ನು ಬಿಡದೆ ಬಿಗಿಹಿಡಿಯುತ್ತಾನೆ. ಹಿಡಿತ ಸಡಿಲಿಸಿ, ಮೈಭಾರ ಹಾಕಿ ಒತ್ತುವುದನ್ನು ಕಲಿಯಿರಿ.

7. ತೂಕ ಇಳಿಸುವ ಹುಚ್ಚು ಬೇಡ

ಪ್ಯಾರಿಸ್ ಒಲಿಂಪಿಕ್ಸ್‌ನ ಆ ಹೆಚ್ಚುವರಿ 100 ಗ್ರಾಂ ತೂಕ ಯಾರಿಗೆ ಮರೆತಿದೆ? ರಿತು ಅವರ ಸೋದರಸಂಬಂಧಿ ವಿನೇಶ್ ಫೈನಲ್ ತಲುಪಿಯೂ ಪದಕವಿಲ್ಲದೆ ಮರಳಿದ್ದು ಅದರಿಂದ. ಎಂಎಂಎಯಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ತೂಕ ನೋಡುವುದರಿಂದ ಇನ್ನೂ ಹೆಚ್ಚು ಇಳಿಸುವ ಆಸೆ ಹುಟ್ಟುತ್ತದೆ. ಮೈಯಲ್ಲಿ ನೀರು ಬತ್ತಿದಾಗ ತಲೆಗೆ ಬಿದ್ದ ಏಟು ಹೆಚ್ಚು ಅಪಾಯಕಾರಿ. ಒನ್ ಸಂಸ್ಥೆ ನೀರಿನಂಶವನ್ನೂ ಪರೀಕ್ಷಿಸುತ್ತದೆ.

8. ಊರು ಬಿಡಬೇಕಾಗುತ್ತದೆ

ಕಹಿ ಮಾತು. ಗರಡಿಯಲ್ಲಿ ಮೈ ಕಟ್ಟಬಹುದು. ಒದೆಯುವವರು, ಗುದ್ದುವವರು, ಕುತ್ತಿಗೆ ಹಿಸುಕುವವರು ದಿನವೂ ಜೊತೆಗೆ ಬೇಕೆಂದರೆ ಬೆಂಗಳೂರೇ ಗತಿ. ರಿತು ಹರಿಯಾಣದ ಬಲಾಲಿ ಬಿಟ್ಟು ಸಿಂಗಪುರಕ್ಕೆ ಹೋದರು. ಕನ್ನಡಿಗರಿಗೆ ಈ ದಾರಿ ಮುಚ್ಚಿಲ್ಲ, ಬೆಂಗಳೂರಿನ ಕಾಂತರಾಜ್ ಶಂಕರ್ ಅಗಸ ಒನ್ ಚಾಂಪಿಯನ್‌ಶಿಪ್‌ನಲ್ಲಿ ಆಡಿದವರು. ಜಿಮ್ ಸೇರುವ ಮುನ್ನ ಒಂದು ವಾರ ಸುಮ್ಮನೆ ಕೂತು ನೋಡಿ. ಹೊಸಬರನ್ನು ಮೊದಲ ದಿನವೇ ಜೋರಾಗಿ ಹೊಡೆಸುವ ತರಬೇತುದಾರನಾದರೆ ಎದ್ದು ಬನ್ನಿ. ಬಿಡುವು ಸಿಕ್ಕಾಗ ಊರಿಗೆ ಬಂದು ಉಸ್ತಾದರ ಕಾಲು ಮುಟ್ಟಿ, ಮಣ್ಣಿಗೂ ಇಳಿಯಿರಿ. ಹಿಡಿತ ಮೊಂಡಾಗದಿರಲು ಅದು ಬೇಕು.

9. ಕಾಗದ ಓದಿ ಸಹಿ ಹಾಕಿ

ಒಪ್ಪಂದ ಇಂಗ್ಲಿಷಿನಲ್ಲಿರುತ್ತದೆ. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಬೇರೆಡೆ ಆಡಬಹುದೇ, ಸೋತರೆ ಎಷ್ಟು ಕೊಡುತ್ತಾರೆ ಎಂಬ ಮೂರನ್ನಾದರೂ ಗೊತ್ತಿದ್ದವರಿಂದ ಓದಿಸಿಕೊಳ್ಳಿ. ನಾಕೌಟ್ ಆದ ಮೇಲೆ ವೈದ್ಯರು ಆಡು ಎನ್ನುವ ತನಕ ತಲೆಗೆ ಏಟು ಬೀಳುವ ಅಭ್ಯಾಸ ಬೇಡ, ಯಾರು ಎಷ್ಟೇ ಹಣ ತೋರಿಸಿದರೂ. ಇನ್ನೊಂದು ಮಾತು. ಎಂಎಂಎ ಒಲಿಂಪಿಕ್ಸ್‌ನಲ್ಲಿಲ್ಲ. ಕುಸ್ತಿಯ ಸರ್ಟಿಫಿಕೇಟಿಗೆ ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ. ಅಂಥ ಕೆಲಸಕ್ಕೆ ಅರ್ಜಿ ಹಾಕಿದ್ದರೆ ದಯವಿಟ್ಟು ಹಿಂತೆಗೆಯಬೇಡಿ.