ಕೊಳವೆಬಾವಿಯ ಸವಳು ನೀರು

ಸಾಂಗ್ಲಿವಾಡಿಯ ಸೋದರಿಯವರಿಗೆ,

ಕಬ್ಬಿನ ಹೊಲಗಳಿಗೆ ಮಿತಿಮೀರಿ ನೀರುಣಿಸಿದ ಫಲವಾಗಿ ಕೃಷ್ಣಾತೀರದ ಎಷ್ಟೋ ಭೂಮಿ ಸವಳಾಗಿರುವ ತಮ್ಮ ಸೀಮೆಯಲ್ಲಿ ಕೊಳವೆಬಾವಿಯ ನೀರು ಉಪ್ಪಾಗಿರುವುದು ಆಶ್ಚರ್ಯವಲ್ಲ. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಕರಗಿದ ಲವಣವು ತೊಲಗದು. ಆರ್‌ಓ ಯಂತ್ರದಲ್ಲಾದರೋ, ಪಂಪಿನ ಒತ್ತಡಕ್ಕೊಳಗಾದ ನೀರು ಅತಿಸೂಕ್ಷ್ಮವಾದ ಪೊರೆಯನ್ನು ಹಾಯ್ದು ಬರುವಾಗ ಲವಣ, ಫ್ಲೋರೈಡು, ನೈಟ್ರೇಟುಗಳ ಬಹುಭಾಗವು ಹಿಂದುಳಿದು, ಒಳಹೊಕ್ಕ ನೀರಿನ ದೊಡ್ಡ ಪಾಲಿನೊಡನೆ ಹೊರಬೀಳುತ್ತದೆ. ಈ ದುಂದು ನನಗೆ ಸರಿಕಾಣದು. ಆ ನೀರನ್ನು ಹಿಡಿದಿಟ್ಟು ನೆಲ ತೊಳೆಯಲು ಬಳಸಿರಿ, ಗಿಡಗಳಿಗೆ ಮಾತ್ರ ಹಾಕಬೇಡಿರಿ. ನಳದ ನೀರು ಬರುತ್ತಿದ್ದು, ಅದರಲ್ಲಿ ಕರಗಿದ ಘನಾಂಶವು ಲೀಟರಿಗೆ 500 ಮಿಲಿಗ್ರಾಮಿನ ಒಳಗಿದ್ದು, ಬೇರೆ ರಾಸಾಯನಿಕ ದೋಷವೂ ಇಲ್ಲದಿದ್ದರೆ ಈ ಯಂತ್ರವು ಅನಾವಶ್ಯಕ. ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಕೊಳ್ಳಿರಿ.