ಕಡಲ ಮಂಜಿನ ದಪ್ಪ ಅಳೆಯುವುದು ಹೇಗೆ?

ಧ್ರುವ ಪ್ರದೇಶದ ಮಂಜುಗಡ್ಡೆ ಎಂದಾಗ ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಒಂದೇ ಎಂದುಕೊಳ್ಳುತ್ತೇವೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿರುವುದು ಸಾವಿರಾರು ವರ್ಷ ಬಿದ್ದ ಹಿಮ ಒತ್ತಿಕೊಂಡು ಆದದ್ದು. ಅದು ಕರಗಿದರೆ ಸಿಹಿನೀರು. ಸಮುದ್ರದ ಮಂಜು ಹಾಗಲ್ಲ. ಕಡಲ ನೀರೇ ಹೆಪ್ಪುಗಟ್ಟಿ, ನೀರಿನ ಮೇಲೆ ತೇಲುವ ಹಾಸು ಅದು. ಉಪ್ಪಿರುವುದರಿಂದ ಆ ನೀರು ಸೊನ್ನೆಯಲ್ಲಿ ಗಟ್ಟಿಯಾಗುವುದಿಲ್ಲ. ಉಷ್ಣಾಂಶ ಮೈನಸ್ 1.8 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯಬೇಕು. ಒಂದು ಚಳಿಗಾಲದಲ್ಲಿ ಬೆಳೆಯುವ ಹಾಸಿನ ದಪ್ಪ ಸಾಮಾನ್ಯವಾಗಿ ಎರಡು ಮೀಟರಿನ ಒಳಗೇ. ವಿಜ್ಞಾನಿಗಳು ಓಡಾಡುವುದು, ಜಾರುಬಂಡಿ ಎಳೆಯುವುದು, ಉಪಕರಣ ನಿಲ್ಲಿಸುವುದು ಇದರ ಮೇಲೆಯೇ.

ಉಪಗ್ರಹಗಳಿರುವಾಗ ಅಲ್ಲಿಗೆ ಹೋಗುವುದೇಕೆ? ಒಳ್ಳೆಯ ಪ್ರಶ್ನೆ. 1978ರ ಕೊನೆಯಿಂದ ಉಪಗ್ರಹಗಳು ಮಂಜಿನ ವಿಸ್ತಾರವನ್ನು ಬಿಡದೆ ದಾಖಲಿಸುತ್ತಿವೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಮಂಜು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತೆಂದು ತಿಳಿದದ್ದು ಹಾಗೆಯೇ. ಆದರೆ ದಪ್ಪದ ಲೆಕ್ಕ ಇಷ್ಟು ಸುಲಭವಲ್ಲ. ಮಂಜಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನೊಳಗಿರುತ್ತದೆ. ಉಪಗ್ರಹ ಅಳೆಯುವುದು ನೀರಿನಿಂದ ಮೇಲೆದ್ದ ಸಣ್ಣ ಪಾಲನ್ನು. ಆ ಅಳತೆಯಲ್ಲಿ ಹತ್ತು ಸೆಂಟಿಮೀಟರ್ ತಪ್ಪಿದರೆ ದಪ್ಪದಲ್ಲಿ ಸುಮಾರು ಒಂದು ಮೀಟರ್ ತಪ್ಪುತ್ತದೆ! ಸಾಲದ್ದಕ್ಕೆ ಮೇಲೆ ಬಿದ್ದ ಹಿಮ ಹಾಸನ್ನು ಕೆಳಕ್ಕೆ ಒತ್ತಿ ಲೆಕ್ಕವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಹಾಗಾಗಿ ಯಾರಾದರೂ ಅಲ್ಲಿ ನಿಂತು ತೂತು ಕೊರೆದು ನೋಡಲೇಬೇಕು.

ಈ ಕೆಲಸವನ್ನು ಅತ್ಯಂತ ದೊಡ್ಡದಾಗಿ ಮಾಡಿದ್ದು ಮೊಸಾಯಿಕ್ ಯಾತ್ರೆ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಪೋಲಾರ್‌ಸ್ಟರ್ನ್ ಹಡಗು 2019ರ ಸೆಪ್ಟೆಂಬರಿನಲ್ಲಿ ನಾರ್ವೆಯ ಟ್ರೋಮ್ಸೋದಿಂದ ಹೊರಟು, ಅಕ್ಟೋಬರಿನಲ್ಲಿ ಒಂದು ಮಂಜುಹಾಸಿಗೆ ತನ್ನನ್ನು ಕಟ್ಟಿಕೊಂಡು, ಅದು ತೇಲಿದತ್ತ ತಾನೂ ತೇಲಿತು. 1893ರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಫ್ರಾಮ್ ಹಡಗಿನಲ್ಲಿ ಮಾಡಿ ತೋರಿಸಿದ ಉಪಾಯವೇ ಇದು. ತಿಂಗಳುಗಟ್ಟಲೆ ಸೂರ್ಯನಿಲ್ಲದ ಕತ್ತಲೆ. ಹಿಮಕರಡಿ ಬಂದೀತೆಂದು ಬಂದೂಕು ಹಿಡಿದ ಕಾವಲು. ಕಾಲಡಿಯ ಹಾಸು ಯಾವಾಗ ಬಿರುಕು ಬಿಟ್ಟೀತೋ ಎಂಬ ಎಚ್ಚರ. 2020ರ ಜುಲೈ ಕೊನೆಗೆ ಆ ಹಾಸು ಒಡೆದೇ ಹೋಯಿತು. ತಂಡ ಮತ್ತೆ ಉತ್ತರಕ್ಕೆ ಹೋಗಿ ಇನ್ನೊಂದು ಹಾಸಿನ ಮೇಲೆ ಕೆಲಸ ಮುಂದುವರಿಸಿತು.

ಒಂದು ದಿನದ ಕೆಲಸವನ್ನು ಹತ್ತಿರದಿಂದ ನೋಡೋಣ. ಮೊದಲು ಹಿಮವನ್ನು ಸಲಿಕೆಯಿಂದ ಬದಿಗೆ ಸರಿಸುತ್ತಾರೆ. ಹಲ್ಲುಗಳಿರುವ ಟೊಳ್ಳು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಮೋಟಾರಿನಿಂದ ತಿರುಗಿಸುತ್ತ ಇಳಿಸುತ್ತಾರೆ. ಹೊರಬರುವುದು ಕಂಬದಂಥ ಒಂದು ಮಂಜಿನ ತುಂಡು. ಇನ್ನು ಆತುರ. ಸುತ್ತ ಮೈನಸ್ ಮೂವತ್ತು ಇರುವಾಗ ತುಂಡಿನ ಉಷ್ಣಾಂಶ ಬೇಗ ಬದಲಾಗುತ್ತದೆ. ಆದ್ದರಿಂದ ಕೂಡಲೇ ಅಲ್ಲಲ್ಲಿ ಸಣ್ಣ ರಂಧ್ರ ಕೊರೆದು ಥರ್ಮಾಮೀಟರ್ ಚುಚ್ಚುತ್ತಾರೆ. ಆಮೇಲೆ ಗರಗಸದಿಂದ ಬಿಲ್ಲೆಗಳಾಗಿ ಕೊಯ್ದು ಮುಚ್ಚಳವಿರುವ ಡಬ್ಬಿಗೆ ಹಾಕುತ್ತಾರೆ. ಮುಚ್ಚಳ ಏಕೆಂದರೆ, ಮಂಜಿನ ಹರಳು ಉಪ್ಪನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಉಪ್ಪು ಗಾಢ ದ್ರವವಾಗಿ ಸಣ್ಣ ಸಣ್ಣ ಕಾಲುವೆಗಳಲ್ಲಿ ಉಳಿದಿರುತ್ತದೆ. ಅದು ಸೋರಿಹೋದರೆ ಅಳತೆ ಕೆಟ್ಟಿತು. ಹಡಗಿನಲ್ಲಿ ಬಿಲ್ಲೆ ಕರಗಿದ ಮೇಲೆ ಉಪ್ಪಿನಂಶ ನೋಡುತ್ತಾರೆ. ತುಂಡಿನ ಕೆಳತುದಿ ಕೆಲವೊಮ್ಮೆ ಕಂದು ಬಣ್ಣಕ್ಕಿರುತ್ತದೆ: ಅಲ್ಲಿ ಪಾಚಿ ಬೆಳೆದಿದೆ, ಕಡಲ ಸಣ್ಣ ಜೀವಿಗಳಿಗೆ ಅದು ಆಹಾರ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಅಚ್ಚರಿಯದು ಇದೇ.

ದಪ್ಪ ಅಳೆಯುವ ಸಾಧನವಂತೂ ತೀರ ಸರಳ. ಟೇಪಿನ ತುದಿಯಲ್ಲಿ ಮಡಚುವ ಲೋಹದ ಪಟ್ಟಿ. ತೂತಿನಲ್ಲಿ ಇಳಿಬಿಟ್ಟರೆ ಕೆಳಗೆ ಅಡ್ಡವಾಗುತ್ತದೆ. ಎಳೆದಾಗ ಮಂಜಿನ ತಳಕ್ಕೆ ತಗಲಿ ನಿಲ್ಲುತ್ತದೆ. ಓದಿ ಬರೆದುಕೊಂಡರಾಯಿತು. ಉಪಗ್ರಹದ ಲೆಕ್ಕ ಸರಿಯೋ ತಪ್ಪೋ ಎಂದು ನೋಡಲು ಇಂಥ ಅಳತೆಗಳೇ ಬೇಕು.

ಆರ್ಕ್ಟಿಕ್ ಮಂಜಿನ ಬಗ್ಗೆ ಇನ್ನು ಮುಂದೆ ಸುದ್ದಿ ಓದುವಾಗ, ಅಲ್ಲಿ ಕೊಟ್ಟ ಸಂಖ್ಯೆ ವಿಸ್ತಾರದ್ದೋ ದಪ್ಪದ್ದೋ ಎಂದು ಮೊದಲು ಗಮನಿಸಿ. ಅಷ್ಟೇ ವಿಸ್ತಾರದ ಮಂಜು ಅರ್ಧ ದಪ್ಪಕ್ಕೆ ಇಳಿದಿರಲೂಬಹುದು.