ಸ್ಕ್ಯಾನ್ ಮಾಡಿಸಿ, ಹಳೆಯ ಫಿಲ್ಮ್ ಹುಡುಕಿ

ಪ್ರಶ್ನೆ: ನಮ್ಮ ಯಜಮಾನರಿಗೆ 48. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಾರೆ. ತಿಂಗಳಿಂದ ಕೆಮ್ಮು. ಹಾವೇರಿಯಲ್ಲಿ ಎಕ್ಸ್‌ರೇ ತೆಗೆಸಿದಾಗ ಎದೆಯ ಬಲಗಡೆ ಕಲೆ ಕಂಡಿತು. ಹುಬ್ಬಳ್ಳಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. 2021ರಲ್ಲಿ ಕೊರೊನಾ ಬಂದಾಗ ರಾಣೆಬೆನ್ನೂರಿನಲ್ಲಿ ಒಮ್ಮೆ ಸಿಟಿ ಆಗಿದೆ. ಮತ್ತೆ ಮಾಡಿಸಿದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ? ಮಗಳು ಹೆರಿಗೆಗೆ ಬಂದಿದ್ದಾಳೆ. ಸ್ಕ್ಯಾನ್ ಆದ ಮೇಲೆ ಅವರು ಅವಳ ಹತ್ತಿರ ಕೂರಬಹುದೇ?
– ಗೃಹಿಣಿ, ಬ್ಯಾಡಗಿ

ಅಕ್ಕಾವ್ರೇ, ಮಗಳ ವಿಷಯ ಮೊದಲು. ಸಿಟಿಯ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮಶೀನು ನಿಂತ ಕ್ಷಣಕ್ಕೇ ಅದೂ ಮುಗಿಯಿತು. ಆದರೂ ಸದ್ಯಕ್ಕೆ ಯಜಮಾನರು ಅವಳಿಂದ ದೂರವೇ ಇರಲಿ, ಮಾಸ್ಕ್ ಹಾಕಲಿ. ಕಾರಣ ಸ್ಕ್ಯಾನ್ ಅಲ್ಲ, ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇದೆಯೇ ಎಂದು ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಪೇಟೆಯವರು ಕೆಮ್ಮಿದರೆ ‘ಮೆಣಸಿನಕಾಯಿ ಘಾಟು ಬಿಡ್ರಿ’ ಎಂದು ತಿಂಗಳುಗಟ್ಟಲೆ ದೂಡುವುದು ನಮ್ಮ ಕಡೆ ಮಾಮೂಲು.

ಇನ್ನು ಕ್ಯಾನ್ಸರ್ ಭಯ. 2021ರ ಮೇ ತಿಂಗಳಲ್ಲಿ ದಿಲ್ಲಿ ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ, ಒಂದು ಸಿಟಿ 300–400 ಎಕ್ಸ್‌ರೇಗೆ ಸಮ ಎಂದಿದ್ದರು. ಈಗಿನ ಮಶೀನುಗಳಿಗೆ ಆ ಲೆಕ್ಕ ಹೊಂದದು ಎಂದು ರೇಡಿಯಾಲಜಿಸ್ಟರ ಸಂಘ ಕೂಡಲೇ ಆಕ್ಷೇಪಿಸಿತು. ಗುಲೇರಿಯಾ ಹೇಳಿದ್ದು ಸೌಮ್ಯ ಕೊರೊನಾಕ್ಕೂ ಮೇಲಿಂದ ಮೇಲೆ ಸಿಟಿಗೆ ಓಡುತ್ತಿದ್ದವರಿಗೆ. ಆ ಮಾತು ಸರಿಯೇ ಇತ್ತು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಅಂಕಿ.

ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಬಂದೇ ಬರುತ್ತದೆ. ಎದೆಯ ಸಾಮಾನ್ಯ ಸಿಟಿಯಲ್ಲಿ ಸುಮಾರು 6, ಅಂದರೆ ಎರಡೂವರೆ ವರ್ಷದ ಪಾಲು. ಇದು ಸೊನ್ನೆಯಲ್ಲ. 10 ಮಿಲಿಸೀವರ್ಟ್‌ನ ಸ್ಕ್ಯಾನ್‌ನಿಂದ ಹೆಚ್ಚುವ ಮಾರಕ ಕ್ಯಾನ್ಸರ್ ಅಪಾಯ ಸುಮಾರು 2,000ಕ್ಕೆ ಒಂದು ಎಂದು ಅಮೆರಿಕದ ಎಫ್‌ಡಿಎ ಅಂದಾಜಿಸುತ್ತದೆ. ಯಜಮಾನರದು ಅದಕ್ಕಿಂತ ಕಡಿಮೆ. ಎದುರಿಗಿರುವುದು ಕಣ್ಣಿಗೆ ಕಂಡ ಕಲೆ, ನಿಲ್ಲದ ಕೆಮ್ಮು. ವೈದ್ಯರು ಬೇಕೆಂದರೆ ನಾನಂತೂ ಮಾಡಿಸಿ ಅನ್ನುತ್ತೇನೆ. ಏಳು ವರ್ಷದ ಮಗುವಿಗೆ ಬರೀ ತಲೆನೋವೆಂದು ಸಿಟಿ ಬರೆದುಕೊಟ್ಟಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. ಮಕ್ಕಳ ಮೈಗೆ ಕಿರಣ ಹೆಚ್ಚು ತಟ್ಟುತ್ತದೆ.

ಅಂದಹಾಗೆ, 2021ರ ಆ ಫಿಲ್ಮ್ ಎಲ್ಲಿದೆ? ಕಪಾಟಿನ ಮೇಲೋ ಟ್ರಂಕಿನ ತಳದಲ್ಲೋ ಇದ್ದೀತು, ಹುಡುಕಿ. ಅದರಲ್ಲೂ ಇದೇ ಕಲೆ ಇಷ್ಟೇ ಗಾತ್ರದಲ್ಲಿ ಇದ್ದರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ. ವರ್ಷಗಟ್ಟಲೆ ಬೆಳೆಯದ ಕಲೆ ಸಾಮಾನ್ಯವಾಗಿ ಹಳೆಯ ಗಾಯದ ಗುರುತು. ಇಲ್ಲದಿದ್ದರೆ ಕಲೆ ಹೊಸದೆಂದು ವೈದ್ಯರಿಗೆ ತಿಳಿಯುತ್ತದೆ, ಅದೂ ಬೇಕಾದ ಮಾಹಿತಿಯೇ. ಹಾವೇರಿಯ ಎಕ್ಸ್‌ರೇಯನ್ನೂ ಒಯ್ಯಿರಿ, ಹುಬ್ಬಳ್ಳಿಯಲ್ಲಿ ಸಿಡಿ ಕೇಳಿ ಪಡೆಯಿರಿ. ಹಳೆಯದು ಸಿಗದೆ ಅದೇ ಪರೀಕ್ಷೆಯನ್ನು ಇನ್ನೊಂದು ಊರಲ್ಲಿ ಮತ್ತೆ ಮಾಡಿಸುವುದೇ ನಿಜವಾಗಿ ತಪ್ಪಿಸಬಹುದಾದ ವಿಕಿರಣ.

ಮಗಳನ್ನು ಸಿಟಿ ಕೋಣೆಯೊಳಗೆ ಬಿಡಬೇಡಿ. ಡೈ ಇಂಜೆಕ್ಷನ್ ಕೊಡುವುದಾದರೆ ಯಜಮಾನರ ಕಿಡ್ನಿ ತೊಂದರೆ, ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆ, ಏನೇ ಇದ್ದರೂ ಮೊದಲೇ ಹೇಳಿ.